ಹಾವಸೆಯೂ ಕಪಿಯೂ

ಕಳೆದ ಮಳೆಗಾಲದಲ್ಲಿ ಮಾಗಡಿ ಸೀಮೆಯ ಕುದೂರಿಗೆ ಹೋಗಿದ್ದೆವು. ಅಲ್ಲಿಂದ ಹುಲಿಕಲ್ಲಿನವರೆಗೆ ಸಾಲುಮರದ ತಿಮ್ಮಕ್ಕನವರು ನೆಟ್ಟು, ನೀರು ಹೊತ್ತು ಬೆಳೆಯಿಸಿದ ಆಲದ ಮರಗಳಿವೆ. ಒಂದು ಮರದ ತೊಗಟೆಯ ಮೇಲೆ ಹಾವಸೆ. ಅದೇ ಮರದ ಕೊಂಬೆಯಲ್ಲಿ ಮರಿಯನ್ನಪ್ಪಿದ ಕೋತಿ. ಜೊತೆಯಲ್ಲಿದ್ದ ಮೊಮ್ಮಗನು, "ತಾತ, ಇವೆರಡರಲ್ಲಿ ಯಾವುದಕ್ಕೆ ಅಪಾಯ ಹೆಚ್ಚು?" ಎಂದು ಕೇಳಿದನು.

ನಾವು ಬಾಲ್ಯದಲ್ಲಿ ಕಂಠಪಾಠ ಮಾಡಿದ ಅಮರಕೋಶದಲ್ಲಿ ಕಪಿಯು ಸಿಂಹಾದಿವರ್ಗದಲ್ಲಿಯೂ, ಶೈವಲವು ವಾರಿವರ್ಗದಲ್ಲಿಯೂ ಬರುತ್ತವೆ. ಇಂದಿನ ಶಾಸ್ತ್ರವಾದರೋ ದೇಹರಚನೆಯನ್ನೂ ವಂಶವನ್ನೂ ನೋಡಿ ವಿಭಾಗಿಸುತ್ತದೆ. ತೊಗಟೆಯ ಹಾವಸೆಯು ನೀರಿನ ಪಾಚಿಯಲ್ಲ. ಸಸ್ಯವರ್ಗದಲ್ಲಿ ಬ್ರಯೋಫೈಟವೆಂಬ ವಿಭಾಗಕ್ಕೆ ಸೇರಿದ್ದು. ಅದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಧೂಳಿನಂತಹ ಬೀಜಾಣುಗಳಿಂದ ಅದರ ವಂಶ ಹರಡುತ್ತದೆ. ಬೇಸಗೆಯಲ್ಲಿ ಒಣಗಿದ್ದರೂ ಮಳೆ ಬಿದ್ದೊಡನೆ ಮರಳಿ ಹಸುರಾಗುತ್ತದೆ. ಕಪಿಯು ಸಸ್ತನಿ, ಮನುಷ್ಯನಿರುವ ಪ್ರೈಮೇಟ್ ಗಣಕ್ಕೇ ಸೇರಿದ್ದು. ನಮ್ಮ ಸೀಮೆಯ ಕೋತಿಗೆ ಶಾಸ್ತ್ರಜ್ಞರಿಟ್ಟ ಹೆಸರು ಮಕಾಕ ರೇಡಿಯೇಟ. ಅದರ ನೆತ್ತಿಯ ಕೂದಲು ನಡುವಿನಿಂದ ಸುತ್ತಲೂ ಟೊಪ್ಪಿಗೆಯಂತೆ ಹರಡಿರುತ್ತದೆ. ಭಾರತದ ದಕ್ಷಿಣ ಪರ್ಯಾಯದ್ವೀಪವೊಂದೇ ಅದರ ತವರು.

ಅಪಾಯದ ಲೆಕ್ಕವಿಡುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2008ರಲ್ಲಿ ಈ ಕೋತಿಯನ್ನು ಚಿಂತೆಗೆ ಕಾರಣವಿಲ್ಲದ ಜಾತಿಗಳಲ್ಲಿ ಎಣಿಸಿತ್ತು. ಈಗ ಅಪಾಯಕ್ಕೀಡಾಗಬಲ್ಲ ಜಾತಿಗಳಿಗೆ ಸೇರಿಸಿದೆ. ಮೈಸೂರಿನ ಸುತ್ತ 1989ರಿಂದ ವಿದ್ವಾಂಸರು ನಡೆಸಿದ ಗಣತಿಗಳಲ್ಲಿ, ಕಾಲು ಶತಮಾನದೊಳಗೆ, ರಸ್ತೆಬದಿಯ ಕೋತಿಗಳು ಅರ್ಧಕ್ಕಿಂತಲೂ ಕಡಮೆಯಾದುದು ಕಂಡುಬಂದಿತು. ಸಾಲುಮರಗಳು ಉರುಳಿದುದೂ, ಕೋತಿಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದುದೂ ಇದಕ್ಕೆ ಮುಖ್ಯ ಕಾರಣಗಳು. ರಾಮದೇವರ ಬೆಟ್ಟದ ಮೆಟ್ಟಿಲಿನ ಮೇಲೆ ನಿತ್ಯವೂ ಕೋತಿಯನ್ನು ಕಾಣುವ ನಮಗೆ ಇದು ನಂಬಲಾಗದ ಮಾತು. ಹಾವಸೆಯ ಜಾತಿಗಳಲ್ಲಿ ಬಹುಪಾಲನ್ನು ಆ ಒಕ್ಕೂಟವು ಇನ್ನೂ ಪರೀಕ್ಷಿಸಿಯೇ ಇಲ್ಲ. ಆದಕಾರಣ ಅವು ಕ್ಷೇಮವೆಂದು ತಿಳಿಯತಕ್ಕದ್ದಲ್ಲ. ಉತ್ತರಪತ್ರಿಕೆಯನ್ನು ತಿದ್ದದಿದ್ದ ಮಾತ್ರಕ್ಕೆ ಹುಡುಗನು ತೇರ್ಗಡೆಯಾದನೆನ್ನಬಹುದೇ?

2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲಿಸುವಾಗ ಈ ಆಲಗಳಿಗೇ ಕೊಡಲಿಯ ಭಯ ಬಂದಿತ್ತು. ತಿಮ್ಮಕ್ಕನವರು ಸರಕಾರಕ್ಕೆ ಮೊರೆಯಿಟ್ಟರು, ಮರಗಳು ಉಳಿದವು.

ವಾಚಕರು ದಾರಿಯ ಕೋತಿಗೆ ಬಾಳೆಯ ಹಣ್ಣನ್ನು ಎಸೆದು ಪುಣ್ಯ ಬಂದಿತೆಂದು ಭಾವಿಸಬಾರದು. ಹಾಗೆ ಮಾಡಿದರೆ ಅದು ರಸ್ತೆಗಿಳಿದು ಗಾಡಿಗೆ ಸಿಕ್ಕುತ್ತದೆ. ಮನೆಯ ಮುಂದಿನ ದಾರಿಯಲ್ಲಿ ಒಂದು ಆಲವನ್ನೋ ಅತ್ತಿಯನ್ನೋ ನೆಟ್ಟು, ಮೂರು ಬೇಸಗೆ ನೀರೆರೆದರೆ ಅದೇ ಸಾಕು. ನಮ್ಮ ಮೊಮ್ಮಗನಿಗೆ ನಾವು ಹೇಳಿದ ಉತ್ತರವೂ ಇಷ್ಟೇ: "ಮಗು, ಮರ ನಿಂತಿರುವವರೆಗೆ ಎರಡಕ್ಕೂ ಮನೆಯುಂಟು."