‘ಮಾಬರ್’ ಎಂಬ ಪ್ರದೇಶನಾಮ

ಹೊಯ್ಸಳರ ಕೊನೆಗಾಲದ ಆಕರಗಳಲ್ಲಿ ‘ಮಾಬರ್’ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಮಲಿಕ್ ಕಾಫೂರನ 1311ರ ದಂಡಯಾತ್ರೆಯನ್ನು ವರ್ಣಿಸುವ ಅಮೀರ್ ಖುಸ್ರೋ ದ್ವಾರಸಮುದ್ರದ ಆಚೆಗಿನ ಪಾಂಡ್ಯರ ನೆಲವನ್ನು ಹೀಗೆ ಕರೆದಿದ್ದಾನೆ. ಮುಮ್ಮಡಿ ಬಲ್ಲಾಳನ ದಾರುಣ ಅಂತ್ಯವನ್ನು ದಾಖಲಿಸಿದ ಇಬ್ನ್ ಬತೂತನಿಗೂ ಮಧುರೆಯ ಸುಲ್ತಾನರ ನಾಡು ಮಾಬರೇ. ಧ್ವನಿಸಾಮ್ಯಕ್ಕೆ ಮರುಳಾಗಿ ಇದನ್ನು ‘ಮಲಬಾರ್’ ಎಂದು ಓದಿದರೆ ಪೂರ್ವ ಕರಾವಳಿಯ ಇತಿಹಾಸವೇ ಪಶ್ಚಿಮಕ್ಕೆ ಸರಿದುಬಿಡುತ್ತದೆ.

ಈ ಎರಡು ಪದಗಳ ಹುಟ್ಟೂ ಬೇರೆ. ಮಲಬಾರಿನಲ್ಲಿ ದ್ರಾವಿಡದ ‘ಮಲೆ’ಗೆ ಹೊರಗಿನ ‘ಬಾರ್’ ಸೇರಿದೆ ಎಂಬುದು ಸಾಮಾನ್ಯ ಅಭಿಪ್ರಾಯ. ಮಾಬರ್ ಪೂರ್ಣವಾಗಿ ಅರಬ್ಬಿ. ‘ದಾಟು’ ಎಂಬರ್ಥದ ಧಾತುವಿನಿಂದ ಸಾಧಿತವಾದ ಸ್ಥಳವಾಚಿ. ಕನ್ನಡದ ‘ಕಡವು’ ಇದಕ್ಕೆ ಸಮೀಪದ ಪದ. ಸಿಂಹಳಕ್ಕೆ ದಾಟುವ ತೀರ ಎಂದು ವಿದ್ವಾಂಸರು ಇದನ್ನು ವಿವರಿಸುತ್ತಾರೆ.

ಈ ಹೆಸರಿನಲ್ಲಿ ಅಲ್ಲಿನ ಅರಸರಿಲ್ಲ, ನುಡಿಯಿಲ್ಲ, ಜನರಿಲ್ಲ. ಇರುವುದು ಹಡಗಿನಿಂದ ದಡವನ್ನು ಕಂಡವರ ನೋಟ. ಅದೇ ನೆಲದ ಮೇಲಿನ ಕುಮಾರಕಂಪಣನ ಗೆಲುವನ್ನು ಹಾಡಿದ ಗಂಗಾದೇವಿಯ ಸಂಸ್ಕೃತ ಕಾವ್ಯದ ಹೆಸರು ‘ಮಧುರಾವಿಜಯಂ’. ಅಲ್ಲಿ ಮುಖ್ಯವಾದುದು ಗೆಲ್ಲಬೇಕಾದ ನಗರ. ಇಲ್ಲಿ ದಾಟಬೇಕಾದ ಕಡಲು.

ಆದುದರಿಂದ ಅನುವಾದದಲ್ಲಿ ಮಾಬರನ್ನು ‘ಪಾಂಡ್ಯನಾಡು’ ಎಂದೋ ‘ತಮಿಳುನಾಡು’ ಎಂದೋ ಬದಲಿಸುವುದು ಸುಲಭವಾದರೂ ಸಾಧುವಲ್ಲ. ಹಾಗೆ ಬದಲಿಸಿದಾಗ ಸ್ಥಳ ಉಳಿಯುತ್ತದೆ, ನೋಟ ಅಳಿಯುತ್ತದೆ. ಮೂಲದ ಹೆಸರನ್ನು ಪಠ್ಯದಲ್ಲಿ ಉಳಿಸಿಕೊಂಡು, ಆಯಾ ಲೇಖಕನಿಗೆ ಅದು ಸೂಚಿಸುವ ಸೀಮೆಯನ್ನು ಟಿಪ್ಪಣಿಯಲ್ಲಿ ಸ್ಪಷ್ಟಪಡಿಸುವುದೇ ಯುಕ್ತ. ಸ್ಥಳನಾಮ ಸ್ಥಳವನ್ನು ಮಾತ್ರವಲ್ಲ, ಹೆಸರಿಟ್ಟವರು ನಿಂತ ಎಡೆಯನ್ನೂ ಹೇಳುತ್ತದೆ.