ಪಂಪನ ಪಾನಗೋಷ್ಠಿಯನ್ನು ಬಿಟ್ಟು ಓದಬೇಕೆ?

ಮದ್ಯವನ್ನು ಕುರಿತು ಕವಿ ಬರೆದನೆಂದರೆ ಮದ್ಯವನ್ನು ಹೊಗಳಿದನೆಂದೇ ತಿಳಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಭಾವನೆ ಸರಿಯಲ್ಲವೆಂಬುದಕ್ಕೆ ದೂರದ ಒಂದು ನಿದರ್ಶನವನ್ನು ಮೊದಲು ನೋಡೋಣ.

ಅಮೆರಿಕದ ರೇಮಂಡ್ ಚಾಂಡ್ಲರನ ‘ದಿ ಲಾಂಗ್ ಗುಡ್‌ಬೈ’ (1953) ಕಾದಂಬರಿಯಿಂದ ‘ಗಿಮ್ಲೆಟ್’ ಎಂಬ ಪಾನೀಯ ಲೋಕಪ್ರಸಿದ್ಧವಾಯಿತು. ಜಿನ್ ಒಂದು ಪಾಲು, ಸಕ್ಕರೆ ಬೆರೆಸಿ ಕೆಡದಂತೆ ಕಾಪಿಟ್ಟ ನಿಂಬೆಯ ರಸ ಒಂದು ಪಾಲು, ಬೇರೇನೂ ಕೂಡದು. ಇದು ಅಲ್ಲಿಯ ಪಾತ್ರವೊಂದರ ಕಟ್ಟಳೆ. ಇಂದಿನವರು 60 ಮಿಲಿಲೀಟರ್ ಜಿನ್ನಿಗೆ ತಾಜಾ ನಿಂಬೆರಸ, ಸಕ್ಕರೆ ಪಾಕಗಳನ್ನು ತಲಾ 20ರಂತೆ ಹಾಕಿ, ಮಂಜುಗಡ್ಡೆಯೊಡನೆ ಕುಲುಕಿ ಸೋಸುತ್ತಾರೆ. ಸಮಪಾಲಿನ ಆ ಅಳತೆ 1930ರ ಸವಾಯ್ ಹೋಟೆಲಿನ ಪುಸ್ತಕದಲ್ಲಿಯೇ ಇತ್ತು. ಚಾಂಡ್ಲರನು ಅದಕ್ಕೆ ಕೂಡಿಸಿದುದು ಸ್ನೇಹವನ್ನು, ಆ ಸ್ನೇಹ ಮುರಿದ ನೋವನ್ನು. ಓದುಗನ ನೆನಪಿನಲ್ಲಿ ಉಳಿಯುವುದು ಜಿನ್ ಅಲ್ಲ, ಆ ನೋವು.

ಇನ್ನು ನಮ್ಮ ಮನೆಯ ಮಾತು. ಪಂಪನ ತಾಯಿ ಅಬ್ಬಣಬ್ಬೆಯ ತೌರು ನಮ್ಮ ಅಣ್ಣಿಗೇರಿ. ಕುರ್ಕ್ಯಾಲ ಶಾಸನ ಇದಕ್ಕೆ ಸಾಕ್ಷಿ. ಆತನ ‘ವಿಕ್ರಮಾರ್ಜುನ ವಿಜಯ’ದ (941) ನಾಲ್ಕನೆಯ ಆಶ್ವಾಸದಲ್ಲಿ ದ್ವಾರಾವತಿಯ ಸೂಳೆಗೇರಿಯ ಪಾನಗೋಷ್ಠಿ ಬರುತ್ತದೆ. ಪಾಠ ಹೇಳುವಾಗ ಈ ಭಾಗವನ್ನು ಮೆಲ್ಲನೆ ದಾಟಿಹೋಗುವ ಅಧ್ಯಾಪಕರುಂಟು. ಅವರ ಸಂಕೋಚ ನನಗೆ ಅರ್ಥವಾಗದೆ ಇಲ್ಲ. ನವಲಗುಂದ, ಕುಂದಗೋಳಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಕುಡಿತದಿಂದ ಹೊಲ ಕಳೆದುಕೊಂಡ ಮನೆಗಳವರು. ಅವರ ಮುಂದೆ ಇದನ್ನು ರಸವತ್ತಾಗಿ ಬಣ್ಣಿಸುವುದು ಹೇಗೆ?

ಅಂಥವರ ಮುಂದೆಯೇ ಓದಬೇಕೆಂಬುದು ನನ್ನ ಮತ. ಪಂಪನು ಅಲ್ಲಿ ಉಪದೇಶಕ್ಕೆ ಕೂತಿಲ್ಲ, ಹಾಡಿ ಹರಸಿಯೂ ಇಲ್ಲ. ನೆಟ್ಟ ಕಣ್ಣಿನಿಂದ ನೋಡಿದ್ದಾನೆ. ಅಮಲೇರಿದಂತೆ ನಡೆ ತಪ್ಪುತ್ತದೆ, ನುಡಿ ತೊದಲುತ್ತದೆ. ನುಡಿಯನ್ನೇ ಬಾಳಾಗಿಸಿಕೊಂಡ ಕವಿಗೆ ನುಡಿ ಕೆಡುವುದಕ್ಕಿಂತ ದೊಡ್ಡ ಕೇಡು ಯಾವುದಿದ್ದೀತು? ತಂದೆಯ ತೊದಲನ್ನು ಕೇಳಿ ಬೆಳೆದ ಹುಡುಗ ಇದನ್ನು ನಮಗಿಂತ ಬೇಗ ಗುರುತಿಸಬಲ್ಲ. ತನ್ನ ಮನೆಯ ನಾಚಿಕೆಯೆಂದು ಅವನು ಬಚ್ಚಿಟ್ಟುಕೊಂಡುದನ್ನು ಸಾವಿರ ವರ್ಷಗಳ ಹಿಂದೆಯೇ ಮಹಾಕವಿಯೊಬ್ಬ ಕಂಡಿದ್ದನೆಂಬ ಅರಿವು ಅವನ ಒಂಟಿತನವನ್ನು ಕೊಂಚವಾದರೂ ಇಳಿಸದಿರದು.

ಬಾಯಾರಿಕೆಗೆ ನಮ್ಮಲ್ಲಿ ಪಾನಕಗಳಿಗೇನೂ ಕೊರತೆಯಿಲ್ಲ. ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಅವಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಲೋಟದಲ್ಲಿ ಏನಿರಬೇಕೆಂಬುದನ್ನು ಮನೆಯವರು ನಿರ್ಧರಿಸಲಿ. ಕಾವ್ಯದಲ್ಲಿ ಏನಿದೆಯೋ ಅದನ್ನು ಮಾತ್ರ ನಾವು ಪೂರ್ತಿಯಾಗಿ ಓದೋಣ.