ಗಾಜಿನ ಕಪಾಟಿನೊಳಗಿನ ಶ್ರುತ

ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಲ್ಲಿ ಪುಸ್ತಕಗಳಿಗೆ ಬರವಿಲ್ಲ. ಬರವಿರುವುದು ಅವುಗಳ ಸಂಚಾರಕ್ಕೆ. ಊರಿನಿಂದ ತಂದ ಪುರಾಣಗಳು, ಪಂಚಕಲ್ಯಾಣದ ಸಂದರ್ಭದಲ್ಲಿ ಕಾಣಿಕೆಯಾಗಿ ದೊರೆತ ಗ್ರಂಥಗಳು, ಕಾರಂತ, ಭೈರಪ್ಪನವರ ಕಾದಂಬರಿಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಪುಟದ ಮೂಲೆ ಮಡಿಸಬಾರದು, ಪೆನ್ಸಿಲಿನಿಂದ ಗೆರೆ ಎಳೆಯಬಾರದು, ಹೊರಗೆ ಕೊಡಬಾರದು ಎಂಬುದು ಪುಸ್ತಕಪ್ರೇಮಿಗಳಾದ ಹಿರಿಯರ ನಿಯಮ. ಅದೇ ಮನೆಯ ಮಕ್ಕಳು ಮೆಟ್ರೊದ ನೀಲಿ ಮಾರ್ಗದಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತಾರೆ. ಇಬ್ಬರಿಗೂ ಓದು ಪ್ರಿಯವೇ. ಆದರೆ ಒಬ್ಬರ ಪುಸ್ತಕ ಇನ್ನೊಬ್ಬರ ಕೈಗೆ ಬರುವುದಿಲ್ಲ.

2001ರ ಜನಗಣತಿಯ ಪ್ರಕಾರ ಜೈನರ ಸಾಕ್ಷರತೆ ಶೇ 94.1, ಆಗ ದೇಶದ ಸರಾಸರಿ ಶೇ 64.8. ಈ ಅಂಕಿಯನ್ನು ಸಮಾಜ ಹೆಮ್ಮೆಯಿಂದ ಉಲ್ಲೇಖಿಸುತ್ತದೆ. ಅಕ್ಷರ ಬಲ್ಲವರೆಲ್ಲ ಓದುಗರಾಗುವುದಿಲ್ಲವೆಂಬುದನ್ನು ಪೂರ್ವಾಚಾರ್ಯರು ಅರಿತಿದ್ದರು. ತತ್ತ್ವಾರ್ಥಸೂತ್ರವು ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂಬ ಐದು ಅಂಗಗಳನ್ನು ಹೇಳಿದೆ. ಓದುವುದು, ಪ್ರಶ್ನಿಸುವುದು, ಮನನ ಮಾಡುವುದು, ಶುದ್ಧವಾಗಿ ಪಠಿಸುವುದು, ಇತರರಿಗೆ ತಿಳಿಸುವುದು. ಪ್ರಶ್ನಿಸಲು ಮತ್ತು ತಿಳಿಸಲು ಇನ್ನೊಬ್ಬರು ಬೇಕು. ಬೀಗ ಹಾಕಿದ ಕಪಾಟು ಈ ಐದರಲ್ಲಿ ಒಂದನ್ನೂ ಪೂರೈಸದು.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದೇ ಪ್ರತಿಯನ್ನು ರೇಷ್ಮೆಯಲ್ಲಿ ಸುತ್ತಿಟ್ಟಿದ್ದರೂ ಅವಳ ಭಕ್ತಿಗೆ ಕುಂದು ಬರುತ್ತಿರಲಿಲ್ಲ. ಕಾವ್ಯಕ್ಕೆ ಮಾತ್ರ ಓದುಗರು ದೊರೆಯುತ್ತಿರಲಿಲ್ಲ. ಮೂಡುಬಿದಿರೆಯ ಧವಲಾ ಗ್ರಂಥಗಳ ಕಥೆಯೂ ಇದನ್ನೇ ಹೇಳುತ್ತದೆ. ಶತಮಾನಗಳ ಕಾಲ ಆ ತಾಳೆಗರಿಗಳನ್ನು ಉಳಿಸಿದ್ದು ಪೂಜ್ಯಭಾವವೇ; ಅದಕ್ಕೆ ಸಮಾಜ ಋಣಿಯಾಗಿರಬೇಕು. ಆದರೆ ಅವು ವಿದ್ವಾಂಸರ ಮತ್ತು ಶ್ರಾವಕರ ಮೇಜಿಗೆ ಬಂದದ್ದು ಪ್ರತಿಗಳಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಮೇಲೆ.

ಶ್ರುತಪಂಚಮಿಯಂದು ಗ್ರಂಥಗಳಿಗೆ ಹೂವೇರಿಸಿ, ಮರುದಿನ ಬೀಗ ಹಾಕುವ ರೂಢಿಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ. ಆದಾಯ ತೆರಿಗೆ ವಿನಾಯಿತಿ ಪಡೆಯುವ ಧರ್ಮಾರ್ಥ ಟ್ರಸ್ಟುಗಳು ಸಾಮಾನ್ಯವಾಗಿ ವರ್ಷದ ಆದಾಯದ ಶೇ 85ರಷ್ಟನ್ನು ತಮ್ಮ ಉದ್ದೇಶಗಳಿಗೆ ವಿನಿಯೋಗಿಸಬೇಕು. ಅಮೃತಶಿಲೆ, ಶಾಮಿಯಾನ, ಸನ್ಮಾನದ ಶಾಲುಗಳಿಗೆ ಆ ವೆಚ್ಚಪಟ್ಟಿಯಲ್ಲಿ ಸ್ಥಾನವಿರುವಾಗ, ಚತುರ್ವಿಧ ದಾನಗಳಲ್ಲೊಂದಾದ ಶಾಸ್ತ್ರದಾನಕ್ಕೂ ಒಂದು ಸಾಲು ಇರಲಿ. ಮುದ್ರಿತ ಪುಸ್ತಕಗಳ ಮೇಲೆ ಸರ್ಕಾರ ಜಿಎಸ್‌ಟಿಯನ್ನೂ ವಿಧಿಸುವುದಿಲ್ಲ.

ಎರಡು ಆಕ್ಷೇಪಗಳು ಸಹಜ. ಕೊಟ್ಟ ಪುಸ್ತಕ ಹಿಂದಿರುಗುವುದಿಲ್ಲವೆಂಬುದು ಮೊದಲನೆಯದು. ಹತ್ತರಲ್ಲಿ ಒಂದು ಕಳೆದರೂ ಒಂಬತ್ತು ಓದಲ್ಪಟ್ಟಿರುತ್ತವೆ. ಆ ಒಂದನ್ನು ದಾನದ ಲೆಕ್ಕಕ್ಕೆ ಬರೆದುಕೊಂಡರೆ ನಷ್ಟವೆಂಬುದು ಉಳಿಯದು. ದೆಹಲಿಯಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಲಿಪಿ ಬಾರದೆಂಬುದು ಎರಡನೆಯದು, ಇದು ಹೆಚ್ಚು ಗಂಭೀರವಾದುದು. ಆದರೆ ಮನೆಮಾತು ಅವರ ಕಿವಿಯಲ್ಲಿ ಇನ್ನೂ ಉಳಿದಿದೆ. ಒಬ್ಬರು ಓದಿ ಹಲವರು ಕೇಳುವ ಪುರಾಣವಾಚನದ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ವಡ್ಡಾರಾಧನೆಯಲ್ಲಿ 19 ಕಥೆಗಳಿವೆ. ಅಜ್ಜಿಯೋ ತಂದೆಯೋ ತಿಂಗಳಿಗೊಂದನ್ನು ಹೊಸಗನ್ನಡದಲ್ಲಿ ಓದಿ ಹೇಳಿದರೆ ಒಂದೂವರೆ ವರ್ಷ ದಾಟುವಷ್ಟರಲ್ಲಿ ಕನ್ನಡದ ಒಂದು ಮಹಾಕೃತಿ ಮಕ್ಕಳದಾಗುತ್ತದೆ. ಲಿಪಿ ಕಲಿಯುವ ಆಸೆ ಹುಟ್ಟುವುದೂ ಕಥೆಯ ರುಚಿ ಹತ್ತಿದ ಮೇಲೆಯೇ.

ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘವಾಗಲಿ, ಸಾಹಿತ್ಯ ಅಕಾಡೆಮಿಯ ಗ್ರಂಥಾಲಯವಾಗಲಿ ಫರಿದಾಬಾದಿನ ಮನೆಗೆ ಹತ್ತಿರವಿಲ್ಲ. ಪಕ್ಕದ ಬಡಾವಣೆಯ ಕನ್ನಡ ಮನೆಯ ಕಪಾಟು ಹತ್ತಿರವಿದೆ. ಯಾರ ಮನೆಯಲ್ಲಿ ಯಾವ ಪುಸ್ತಕವಿದೆ ಎಂಬ ಒಂದು ಪಟ್ಟಿ, ಕೊಟ್ಟು ಪಡೆದುದಕ್ಕೆ ಒಂದು ನೋಂದಣಿ ಪುಸ್ತಕ, ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ವಾಚನ. ಇದಕ್ಕೆ ಕಟ್ಟಡವೂ ಬೇಡ, ಅಧ್ಯಕ್ಷರೂ ಬೇಡ. ಮುಂದಿನ ಶ್ರುತಪಂಚಮಿಯ ಪೂಜೆ ಮುಗಿದ ಮೇಲೆ ಪ್ರತಿ ಕುಟುಂಬವೂ ಒಂದು ಗ್ರಂಥವನ್ನು ಕಪಾಟಿಗೆ ಮರಳಿಸದೆ ನೆರೆಮನೆಯವರ ಕೈಗಿತ್ತರೆ, ಆ ಹಬ್ಬದ ಹೆಸರು ಸಾರ್ಥಕವಾಗುತ್ತದೆ.